ಏಳು ಸೀಸೆಗಳ ಲೆಕ್ಕ

"ಟೀಚರ್, ಈ ಒಗಟು ಬಿಡಿಸೋಕೆ ಆಗಲ್ಲ. ಪುಸ್ತಕದಲ್ಲೇ ಏನೋ ಬಿಟ್ಟುಹೋಗಿದೆ."

ಹುಡುಗಿ ನೋಟ್‌ಬುಕ್ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದಳು. ಹಾಳೆಯ ತುಂಬ ಏಳು ಸೀಸೆಗಳ ಚಿತ್ರ. ಒಂದೊಂದರ ಕೆಳಗೂ ಬರೆದು, ಅಳಿಸಿ, ಮತ್ತೆ ಬರೆದು ಕಾಗದ ಹರಿಯುವ ಹಾಗಾಗಿತ್ತು. ಗಣಿತದ ಪೀರಿಯಡ್ ಬಂತೆಂದರೆ ಕೊನೆಯ ಬೆಂಚಿಗೆ ಸರಿದು ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗಿ ಅವಳು. ಆವತ್ತು ಮಾತ್ರ ಅವಳಿಗೆ ಸಿಟ್ಟು ಬಂದಿತ್ತು. ತನ್ನ ಮೇಲಲ್ಲ, ಪುಸ್ತಕದ ಮೇಲೆ. ರಾತ್ರಿಯೆಲ್ಲ ಯೋಚನೆ ಮಾಡಿದವರಿಗೆ ಮಾತ್ರ ಬರುವಂಥ ಸಿಟ್ಟು ಅದು.

ಆ ವರ್ಷ ನಾನು ದಿನದ ಕೊನೆಯ ಇಪ್ಪತ್ತು ನಿಮಿಷ ತರಗತಿಗೆ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹದಿನೇಳು ಅಧ್ಯಾಯಗಳ ಪುಸ್ತಕ. ಪಾಠಕ್ಕೆ ಅಂತ ಶುರು ಮಾಡಿದ್ದಲ್ಲ, ಸುಮ್ನೆ ಓದುತ್ತಿದ್ದೆವು. ಕೊನೆಯ ಹತ್ತಿರ ಒಂದು ಒಗಟು ಬರುತ್ತದೆ. ಹ್ಯಾರಿ ಮತ್ತು ಹರ್ಮಯೊನಿ ಒಂದು ಕೋಣೆಗೆ ಕಾಲಿಡುತ್ತಾರೆ. ಹಿಂದೆ ನೇರಳೆ ಬೆಂಕಿ, ಮುಂದೆ ಕಪ್ಪು ಬೆಂಕಿ. ಮೇಜಿನ ಮೇಲೆ ಸಾಲಾಗಿ ಏಳು ಸೀಸೆ. ಮೂರರಲ್ಲಿ ವಿಷ. ಎರಡರಲ್ಲಿ ಕುಡಿದರೆ ಏನೂ ಆಗದ ವೈನ್. ಒಂದು ಸೀಸೆ ಮುಂದಕ್ಕೆ ದಾಟಿಸುತ್ತದೆ, ಇನ್ನೊಂದು ಹಿಂದಕ್ಕೆ ಕಳಿಸುತ್ತದೆ. ಜೊತೆಗೆ ನಾಲ್ಕು ಸುಳಿವುಗಳಿರುವ ಒಂದು ಪದ್ಯ. ಹರ್ಮಯೊನಿ ಅದನ್ನು ಓದಿ ನಗುತ್ತಾಳೆ. ಇದರಲ್ಲಿ ಮಂತ್ರ ಇಲ್ಲ, ತರ್ಕ ಮಾತ್ರ ಇದೆ, ಅದಕ್ಕೇ ದೊಡ್ಡ ದೊಡ್ಡ ಮಂತ್ರವಾದಿಗಳೂ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುತ್ತಾಳೆ. ಸ್ವಲ್ಪ ಹೊತ್ತು ಗೊಣಗಿಕೊಂಡು ಅತ್ತಿತ್ತ ಓಡಾಡಿ ಉತ್ತರವನ್ನೂ ಹೇಳಿಬಿಡುತ್ತಾಳೆ.

ನನ್ನ ಹುಡುಗಿಗೆ ಆ ಗೊಣಗಾಟದಲ್ಲಿ ಏನಿತ್ತು ಅಂತ ತಿಳಿಯಬೇಕಿತ್ತು.

ಅವಳು ಹೇಳಿದ್ದು ಸರಿ. ಪುಸ್ತಕದಲ್ಲಿ ಒಂದು ಮಾಹಿತಿ ಇಲ್ಲ. ಸುಳಿವುಗಳು ಇಷ್ಟು: ಪ್ರತಿ ವೈನ್ ಸೀಸೆಯ ಎಡಪಕ್ಕದಲ್ಲೇ ಒಂದು ವಿಷದ ಸೀಸೆ ಇದೆ. ಎರಡು ತುದಿಯ ಸೀಸೆಗಳು ಬೇರೆ ಬೇರೆ, ಎರಡೂ ಮುಂದಕ್ಕೆ ದಾಟಿಸುವುದಿಲ್ಲ. ಅತಿ ದೊಡ್ಡ ಸೀಸೆಯಲ್ಲೂ ಅತಿ ಚಿಕ್ಕ ಸೀಸೆಯಲ್ಲೂ ವಿಷ ಇಲ್ಲ. ಎಡದಿಂದ ಎರಡನೆಯದು ಮತ್ತು ಬಲದಿಂದ ಎರಡನೆಯದು ಒಂದೇ. ಹರ್ಮಯೊನಿಯ ಕಣ್ಣೆದುರು ಸೀಸೆಗಳಿದ್ದವು, ಯಾವುದು ದೊಡ್ಡದು, ಯಾವುದು ಚಿಕ್ಕದು ಅಂತ ಅವಳಿಗೆ ಕಾಣುತ್ತಿತ್ತು. ಓದುವ ನಮಗೆ ಕಾಣುವುದಿಲ್ಲ. ಸಾಲಿನಲ್ಲಿ ಅವು ಎಲ್ಲಿದ್ದವು ಅಂತ ಲೇಖಕಿ ಬರೆದೇ ಇಲ್ಲ.

ಮರುದಿನ ಗಣಿತದ ಪೀರಿಯಡ್ಡನ್ನು ಪೂರ್ತಿ ಇದಕ್ಕೇ ಕೊಟ್ಟೆ. ಕಾಗದದ ಚೀಟಿಗಳಲ್ಲಿ ವಿಷ, ವೈನ್, ಮುಂದೆ, ಹಿಂದೆ ಅಂತ ಬರೆದು ಗುಂಪು ಗುಂಪಾಗಿ ನೆಲದ ಮೇಲೆ ಕೂತರು. ಸುಳಿವುಗಳೇ ಇಲ್ಲದಿದ್ದರೆ ಈ ಏಳು ಸೀಸೆಗಳನ್ನು 420 ಬಗೆಯಲ್ಲಿ ಜೋಡಿಸಬಹುದು. ಆ ಲೆಕ್ಕವನ್ನು ನಾನೇ ಹೇಳಿದೆ, ಅವರ ವಯಸ್ಸಿಗೆ ಅದು ಜಾಸ್ತಿ. ಉಳಿದದ್ದೆಲ್ಲ ಅವರದೇ ಕೆಲಸ. ಮೊದಲ ಜಾಗದಲ್ಲಿ ವೈನ್ ಇರೋಕೆ ಆಗಲ್ಲ, ಯಾಕೆ? ಅದರ ಎಡಕ್ಕೆ ವಿಷ ಇಡಲು ಜಾಗವೇ ಇಲ್ಲ. ಎರಡನೆಯದು ಮತ್ತು ಆರನೆಯದು ಒಂದೇ ಅಂದಮೇಲೆ ಅವು ಮುಂದಕ್ಕೋ ಹಿಂದಕ್ಕೋ ಕಳಿಸುವ ಸೀಸೆಗಳಾಗಿರೋಕೆ ಸಾಧ್ಯವಿಲ್ಲ. ಅವು ಒಂದೊಂದೇ ಇರೋದು ಅಲ್ವಾ? ಹಾಗಾದರೆ ಎರಡೂ ವಿಷ, ಇಲ್ಲವೇ ಎರಡೂ ವೈನ್. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋದರು. ಸೀಸೆಗಳ ಗಾತ್ರ ಬೇಕಿಲ್ಲದ ಮೂರು ಸುಳಿವುಗಳಿಂದಲೇ 420 ಇದ್ದದ್ದು ಎಂಟಕ್ಕೆ ಇಳಿಯಿತು. ಎಂಟೇ ಎಂಟು! ಒಂದು ಗುಂಪಿಗೆ ಏಳೇ ಸಿಕ್ಕಿತ್ತು. ಉಳಿದ ಒಂದನ್ನು ಹುಡುಕುವ ತನಕ ಅವರು ಊಟಕ್ಕೂ ಏಳಲಿಲ್ಲ.

ಅಲ್ಲಿಂದ ಮುಂದಿನ ಹೆಜ್ಜೆ ನನಗೂ ಹೊಳೆದಿರಲಿಲ್ಲ. ಹರ್ಮಯೊನಿ ಉತ್ತರ ಹೇಳಿದ್ದಾಳಲ್ಲ, ಅದನ್ನೇ ಸುಳಿವು ಮಾಡಿಕೊಳ್ಳೋಣ ಅಂದ ಒಬ್ಬ ಹುಡುಗ. ಬಲತುದಿಯ ಸೀಸೆ ಹಿಂದಕ್ಕೆ ಕಳಿಸುತ್ತದೆ ಅಂತ ಅವಳು ಹೇಳುತ್ತಾಳೆ. ಅದನ್ನು ಸೇರಿಸಿದರೆ ಎಂಟರಲ್ಲಿ ಎರಡೇ ಉಳಿಯುತ್ತವೆ. ಆ ಎರಡರಲ್ಲೂ ಎರಡನೆಯದು ಮತ್ತು ಆರನೆಯದು ವೈನ್. ಮುಂದಕ್ಕೆ ದಾಟಿಸುವ ಸೀಸೆ ಒಂದರಲ್ಲಿ ಮೂರನೆಯದು, ಇನ್ನೊಂದರಲ್ಲಿ ನಾಲ್ಕನೆಯದು. ಅತಿ ಚಿಕ್ಕ ಸೀಸೆಯೇ ಮುಂದಕ್ಕೆ ದಾಟಿಸುವುದು ಅಂತಲೂ ಅವಳೇ ಹೇಳಿದ್ದಾಳೆ. ಅಂದರೆ ಚಿಕ್ಕ ಸೀಸೆ ಮೂರು ಅಥವಾ ನಾಲ್ಕನೆಯ ಜಾಗದಲ್ಲಿರಲೇಬೇಕು. ದೊಡ್ಡದು ಎರಡು ಅಥವಾ ಆರನೆಯ ಜಾಗದಲ್ಲಿರಬೇಕು. ಹಾಗಿಲ್ಲದಿದ್ದರೆ ಹರ್ಮಯೊನಿ ಅಷ್ಟು ಖಚಿತವಾಗಿ ಉತ್ತರ ಹೇಳೋಕೆ ಆಗುತ್ತಿರಲಿಲ್ಲ. ಪುಸ್ತಕದಲ್ಲಿ ಬರೆಯದೇ ಇದ್ದದ್ದನ್ನು ಮಕ್ಕಳು ಲೆಕ್ಕ ಹಾಕಿ ಕಂಡುಹಿಡಿದರು.

ಈ ಸರಣಿಯನ್ನು ಪಾಠಗಳಿಗೆ ಹೇಗೆ ಬಳಸಬೇಕು ಅನ್ನುವುದು ನನಗೆ ತಿಳಿದದ್ದು ಆ ದಿನ. ಅದಕ್ಕೂ ಮೊದಲೇ ಒಂದೆರಡು ಸಲ ಪ್ರಯತ್ನಿಸಿದ್ದೆ. "ಒಂದು ಗೂಬೆ 24 ಪತ್ರ ಹೊತ್ತರೆ 6 ಗೂಬೆಗಳು ಎಷ್ಟು ಹೊರುತ್ತವೆ" ಅನ್ನುವಂಥ ಲೆಕ್ಕಗಳು. ಅದು ಹಳೆಯ ಲೆಕ್ಕವೇ, ಗೂಬೆಯ ಅಂಗಿ ತೊಡಿಸಿದ್ದೆ ಅಷ್ಟೇ. ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತದೆ. ಆ ಲೆಕ್ಕದ ಉತ್ತರದಿಂದ ಕಥೆಯಲ್ಲಿ ಏನೂ ಬದಲಾಗುವುದಿಲ್ಲ. ಸೀಸೆಗಳ ಒಗಟು ಹಾಗಲ್ಲ. ಉತ್ತರ ಸಿಗದಿದ್ದರೆ ಹ್ಯಾರಿ ಆ ಕೋಣೆಯಲ್ಲೇ ಉಳಿಯುತ್ತಾನೆ. ಅಂದಿನಿಂದ ನಾನು ಕಥೆಗೇ ಬೇಕಾಗಿರುವ ಪ್ರಶ್ನೆಗಳನ್ನು ಮಾತ್ರ ಹುಡುಕತೊಡಗಿದೆ. ಅದರಲ್ಲೂ ಕಥೆ ಎಲ್ಲಿ ಪೂರ್ತಿ ಹೇಳದೆ ಬಿಟ್ಟಿದೆಯೋ, ಎಲ್ಲಿ ತನ್ನ ಮಾತನ್ನೇ ತಪ್ಪಿದೆಯೋ ಆ ಜಾಗಗಳನ್ನು.

ಮಾಂತ್ರಿಕರ ಹಣವನ್ನೇ ನೋಡಿ. 29 ಕ್ನಟ್‌ಗೆ ಒಂದು ಸಿಕಲ್, 17 ಸಿಕಲ್‌ಗೆ ಒಂದು ಚಿನ್ನದ ಗ್ಯಾಲಿಯನ್. ಅಂದರೆ ಒಂದು ಗ್ಯಾಲಿಯನ್‌ಗೆ 493 ಕ್ನಟ್. ಹ್ಯಾರಿಯ ಮಂತ್ರದಂಡಕ್ಕೆ ಏಳು ಗ್ಯಾಲಿಯನ್, ಅಂದರೆ 3451 ಕ್ನಟ್. ಗುಣಾಕಾರ ಎಲ್ಲರೂ ಮಾಡುತ್ತಾರೆ. ನನಗೆ ಇಷ್ಟವಾದದ್ದು ಆಮೇಲೆ ಬಂದ ಪ್ರಶ್ನೆ: "ಯಾರಾದ್ರೂ 17, 29 ಅಂತ ಇಡ್ತಾರಾ? ನೂರು ಅಂತ ಇಡಬಹುದಿತ್ತಲ್ವಾ?" ಆಗ ಬ್ರಿಟನ್ನಿನ ಹಳೆಯ ನಾಣ್ಯಗಳ ಕಥೆ ಹೇಳಿದೆ. 1971ರ ಫೆಬ್ರವರಿ 15ರವರೆಗೆ ಅಲ್ಲಿ 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್. ಒಟ್ಟು 240 ಪೆನ್ನಿ. ಅದೂ ವಿಚಿತ್ರವೇ, ಆದರೆ ಅದರಲ್ಲಿ ಒಂದು ಅನುಕೂಲ ಇತ್ತು. 240ಕ್ಕೆ 20 ಭಾಜಕಗಳಿವೆ. ಇಬ್ಬರು, ಮೂವರು, ನಾಲ್ವರು, ಐವರು, ಆರು ಮಂದಿ, ಎಂಟು ಮಂದಿ ಹಂಚಿಕೊಂಡರೂ ಚೂರು ಉಳಿಯುವುದಿಲ್ಲ. 493ಕ್ಕೆ ಇರುವುದು ನಾಲ್ಕೇ ಭಾಜಕ: 1, 17, 29, 493. ಇಬ್ಬರು ಗೆಳೆಯರು ಒಂದು ಗ್ಯಾಲಿಯನ್ನನ್ನು ಸಮನಾಗಿ ಹಂಚಿಕೊಳ್ಳೋಕೆ ಆಗುವುದೇ ಇಲ್ಲ! 17, 29 ಎರಡೂ ಅವಿಭಾಜ್ಯ ಸಂಖ್ಯೆಗಳು. ಅವಿಭಾಜ್ಯ ಸಂಖ್ಯೆ ಅಂದರೆ ಏನು ಅಂತ ನಾನು ಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೇನೆ. ಅದು ಜೇಬಿನಲ್ಲಿದ್ದರೆ ಎಷ್ಟು ಕಷ್ಟ ಅಂತ ಮಕ್ಕಳಿಗೆ ತಿಳಿದದ್ದು ಆಗಲೇ.

ಮೊದಲ ಪುಸ್ತಕದ ಕೊನೆಯ ಔತಣಕೂಟವೂ ಹಾಗೇ. ಮಾಂತ್ರಿಕ ಶಾಲೆಯ ಮಕ್ಕಳನ್ನು ನಾಲ್ಕು 'ಮನೆ'ಗಳಾಗಿ, ಅಂದರೆ ತಂಡಗಳಾಗಿ ಹಂಚಿರುತ್ತಾರೆ. ಸ್ಲಿದರಿನ್ ಮನೆಗೆ 472 ಅಂಕ, ಹ್ಯಾರಿಯ ಮನೆ ಗ್ರಿಫಿಂಡೋರ್‌ಗೆ 312, ಕಟ್ಟಕಡೆಯ ಸ್ಥಾನ. ಹೆಡ್‌ಮಾಸ್ಟರ್ ಡಂಬಲ್‌ಡೋರ್ ಎದ್ದು ನಿಂತು ಹ್ಯಾರಿಯ ಗೆಳೆಯ ರಾನ್‌ಗೆ 50, ಹರ್ಮಯೊನಿಗೆ 50, ಹ್ಯಾರಿಗೆ 60 ಕೊಡುತ್ತಾರೆ. ಅಲ್ಲಿಗೆ ನಿಲ್ಲಿಸಿ ಕೂಡಿಸಲು ಹೇಳಿದೆ. 472. ಸರಿಸಮ! ಇಡೀ ತರಗತಿ ಕೂಗಿತು. ಆಮೇಲೆ ಅದೇ ಮನೆಯ ನೆವಿಲ್‌ಗೆ ಹತ್ತು. ಕೂಡಿಸುವ ಲೆಕ್ಕ ಎರಡು ನಿಮಿಷದಲ್ಲಿ ಮುಗಿಯಿತು. ಆದರೆ ಇದು ನ್ಯಾಯವೇ ಅನ್ನುವ ಜಗಳ ವಾರ ಕಳೆದರೂ ನಿಲ್ಲಲಿಲ್ಲ. ವರ್ಷವಿಡೀ ದುಡಿದು ಅಂಕ ಗಳಿಸಿದವರ ಮುಂದೆ, ಅಲಂಕಾರವೆಲ್ಲ ಅವರ ಬಣ್ಣದಲ್ಲೇ ಮಾಡಿ, ಕೊನೆಯ ಗಳಿಗೆಯಲ್ಲಿ ಫಲಿತಾಂಶ ಬದಲಿಸುವುದು ಸರಿಯೇ? ಧೈರ್ಯಕ್ಕೆ ಅಂಕ ಕೊಡಬಹುದೇ? ಕೊಡುವುದಾದರೆ ಎಷ್ಟು, ಯಾರು ತೀರ್ಮಾನ ಮಾಡಬೇಕು? ಸ್ಲಿದರಿನ್‌ನ ಹನ್ನೊಂದು ವರ್ಷದ ಒಬ್ಬ ಹುಡುಗಿ ಆ ರಾತ್ರಿ ಮನೆಗೆ ಬರೆಯುವ ಪತ್ರ ಬರೆಯಿರಿ ಅಂದೆ. ಆ ಪತ್ರಗಳನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಅಷ್ಟು ಚೆನ್ನಾಗಿ ಅವರು ಯಾವ ಪ್ರಬಂಧವನ್ನೂ ಬರೆದಿರಲಿಲ್ಲ.

ವಿಜ್ಞಾನಕ್ಕೆ ಬಂದರೆ ಈ ಪುಸ್ತಕಗಳು ಒಂದು ದೊಡ್ಡ ಉಗ್ರಾಣ. ಮದ್ದು ಮಾಡುವುದನ್ನು ಕಲಿಸುವ ಮೇಷ್ಟ್ರು ಸ್ನೇಪ್‌ನ ಮೊದಲ ತರಗತಿ ನೆನಪಿದೆಯಾ? ಹ್ಯಾರಿಯನ್ನು ಹೆಸರು ಹಿಡಿದು ಕರೆದು ಮಾಂಕ್ಸ್‌ಹುಡ್‌ಗೂ ವುಲ್ಫ್ಸ್‌ಬೇನ್‌ಗೂ ಏನು ವ್ಯತ್ಯಾಸ ಅಂತ ಕೇಳುತ್ತಾನೆ. ವ್ಯತ್ಯಾಸವೇ ಇಲ್ಲ, ಎರಡೂ ಒಂದೇ ಗಿಡ, ಅದಕ್ಕೆ ಅಕೊನೈಟ್ ಅಂತ ಮೂರನೇ ಹೆಸರೂ ಇದೆ. ಒಂದು ಗಿಡಕ್ಕೆ ಮೂರು ಹೆಸರಿದ್ದು, ಅದೂ ವಿಷದ ಗಿಡವಾದರೆ, ಔಷಧಿ ಮಾಡುವವರ ಗತಿ ಏನು? ಈ ಪ್ರಶ್ನೆ ಕೇಳಿದ ಮೇಲೆ ಲಿನೇಯಸ್ ಹೆಸರು ಹೇಳುವುದು ಸುಲಭ. 1753ರಲ್ಲಿ ಸ್ವೀಡನ್ನಿನ ಈ ಸಸ್ಯವಿಜ್ಞಾನಿ ತನಗೆ ಗೊತ್ತಿದ್ದ ಗಿಡಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟು ಪುಸ್ತಕ ತಂದ. ಯಾವ ಭಾಷೆಯವರಾದರೂ ಅದೇ ಹೆಸರಿನಿಂದ ಅದೇ ಗಿಡವನ್ನು ಗುರುತಿಸಬಹುದು. ದ್ವಿನಾಮ ಪದ್ಧತಿಯನ್ನು ನಾನು ಈಗ ಬೇರೆ ಯಾವ ರೀತಿಯಲ್ಲೂ ಶುರು ಮಾಡುವುದಿಲ್ಲ.

ಅದೇ ತರಗತಿಯಲ್ಲಿ ಸ್ನೇಪ್ ಬೆಝೋರ್ ಬಗ್ಗೆಯೂ ಕೇಳುತ್ತಾನೆ. ಆಡಿನ ಹೊಟ್ಟೆಯಲ್ಲಿ ಸಿಗುವ ಕಲ್ಲು, ಬಹುತೇಕ ಎಲ್ಲ ವಿಷಕ್ಕೂ ಮದ್ದು. ಕಲ್ಲು ನಿಜವಾಗಿಯೂ ಇದೆ. ಅದರ ಹೆಸರು ವಿಷಹಾರಿ ಅನ್ನುವ ಅರ್ಥದ ಪರ್ಷಿಯನ್ ಮಾತಿನಿಂದ ಬಂದದ್ದು. ಯುರೋಪಿನ ಅರಸರು ಅದಕ್ಕೆ ಚಿನ್ನದ ಕವಚ ಹಾಕಿಸಿ ಇಟ್ಟುಕೊಳ್ಳುತ್ತಿದ್ದರು. 16ನೇ ಶತಮಾನದ ಫ್ರಾನ್ಸಿನಲ್ಲಿ ಅಂಬ್ರಾಯ್ಸ್ ಪಾರೆ ಅನ್ನುವ ಶಸ್ತ್ರವೈದ್ಯನಿಗೆ ಇದರ ಮೇಲೆ ನಂಬಿಕೆ ಇರಲಿಲ್ಲ. ಬೆಳ್ಳಿ ಕದ್ದು ಮರಣದಂಡನೆಗೆ ಗುರಿಯಾದ ಒಬ್ಬ ಅಡುಗೆಯವನು, ವಿಷ ಕುಡಿದು ಈ ಕಲ್ಲನ್ನು ತೆಗೆದುಕೊಳ್ಳಲು ಒಪ್ಪಿದ. ಬದುಕಿದರೆ ಬಿಡುಗಡೆ. ಅವನು ನರಳಿ ನರಳಿ ಸತ್ತ. ಇದನ್ನು ದೊಡ್ಡ ಮಕ್ಕಳಿಗೆ ಮಾತ್ರ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಎರಡು ಪ್ರಶ್ನೆಗಳು ಬಂದೇ ಬರುತ್ತವೆ. ಒಂದು, ಹೀಗೆ ಪರೀಕ್ಷೆ ಮಾಡಬಹುದೇ? ಇನ್ನೊಂದು, ಒಬ್ಬ ಸತ್ತ ಮಾತ್ರಕ್ಕೆ ಕಲ್ಲು ಕೆಲಸ ಮಾಡುವುದಿಲ್ಲ ಅಂತ ಹೇಳಬಹುದೇ? ಎರಡನೆಯ ಪ್ರಶ್ನೆ ಕೇಳಿದ ಹುಡುಗನಿಗೆ ಪ್ರಯೋಗ ಅಂದರೇನು ಅಂತ ನಾನು ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಪುಸ್ತಕದಲ್ಲಿ ಪರುಷಮಣಿ ಮಾಡಿದವನೆಂದು ಬರುವ ನಿಕೊಲಾ ಫ್ಲಮೆಲ್ ಕೂಡ ಕಟ್ಟುಕಥೆಯ ಮನುಷ್ಯನಲ್ಲ ಅಂತ ಗೊತ್ತಾದಾಗ ಮಕ್ಕಳ ಕಣ್ಣು ನೋಡಬೇಕು. ಪ್ಯಾರಿಸ್ಸಿನಲ್ಲಿ ಹಸ್ತಪ್ರತಿಗಳನ್ನು ಬರೆದು ಮಾರುತ್ತಿದ್ದವನು. 1418ರಲ್ಲಿ ತೀರಿಕೊಂಡ. 1407ರಲ್ಲಿ ಅವನು ಕಟ್ಟಿಸಿದ ಮನೆ ಈಗಲೂ ನಿಂತಿದೆ. ಪರುಷಮಣಿಯ ಕಥೆಗಳು ಅವನಿಗೆ ಅಂಟಿಕೊಂಡದ್ದು ಸತ್ತು ಎಷ್ಟೋ ಕಾಲದ ಮೇಲೆ. ಅಲ್ಲಿಂದ ನಾನು ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಕಥೆಗೆ ಬರುತ್ತೇನೆ. 1669ರಲ್ಲಿ ಅವನು ಪರುಷಮಣಿ ಹುಡುಕುತ್ತಾ ಮೂತ್ರವನ್ನು ಕುದಿಸಿ ಕುದಿಸಿ, ಕತ್ತಲಲ್ಲಿ ಹೊಳೆಯುವ ವಸ್ತುವನ್ನು ಪಡೆದ. ಅದು ರಂಜಕ. ಚಿನ್ನ ಸಿಗಲಿಲ್ಲ, ಮೂಲವಸ್ತು ಸಿಕ್ಕಿತು. ಕೊನೆಗೆ ಒಂದು ಲೋಹವನ್ನು ಚಿನ್ನ ಮಾಡಿದವರೂ ಇದ್ದಾರೆ. 1980ರಲ್ಲಿ ಗ್ಲೆನ್ ಸೀಬೋರ್ಗ್ ಮತ್ತು ಸಂಗಡಿಗರು ಅಮೆರಿಕದ ಪ್ರಯೋಗಾಲಯದಲ್ಲಿ ಬಿಸ್ಮತ್‌ನಿಂದ ಚಿನ್ನದ ಪರಮಾಣುಗಳನ್ನು ಪಡೆದರು. ಅದಕ್ಕೆ ಬೇಕಾದದ್ದು ಪರಮಾಣುವಿನ ಬೀಜವನ್ನೇ ಒಡೆಯುವ ಯಂತ್ರ. ಪಡೆದ ಚಿನ್ನಕ್ಕಿಂತ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಬೆಂಕಿಯಿಂದಲೂ ಆಮ್ಲದಿಂದಲೂ ಆಗದ್ದು ಇಲ್ಲಿ ಯಾಕಾಯಿತು ಅನ್ನುವುದರಲ್ಲಿ ರಾಸಾಯನಿಕ ಬದಲಾವಣೆಗೂ ಬೀಜದ ಬದಲಾವಣೆಗೂ ಇರುವ ವ್ಯತ್ಯಾಸ ಪೂರ್ತಿ ಇದೆ.

ತಳಿವಿಜ್ಞಾನದ ಪಾಠ ಇನ್ನೂ ಸೊಗಸು. ಮಾಂತ್ರಿಕ ಶಕ್ತಿ ಮಕ್ಕಳಿಗೆ ಹೇಗೆ ಬರುತ್ತದೆ? 2005ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲೇ ಇದರ ಬಗ್ಗೆ ಒಂದು ಪತ್ರ ಬಂದಿತ್ತು. ಮಕ್ಕಳಿಗೆ ಜೀನ್‌ಗಳ ಪಾಠ ಹೇಳಲು ಇದು ಒಳ್ಳೆಯ ಉದಾಹರಣೆ, ಮಾಂತ್ರಿಕತೆ ಅಡಗಿ ಕೂರುವ ಗುಣ, ಅಂದರೆ ರಿಸೆಸಿವ್ ಅಂದುಕೊಂಡರೆ ಎಲ್ಲ ಹೊಂದುತ್ತದೆ ಅಂತ ಬರೆದಿದ್ದರು. ಅಪ್ಪನಿಂದಲೂ ಅಮ್ಮನಿಂದಲೂ ಆ ಜೀನ್ ಬಂದರೆ ಮಾತ್ರ ಮಗು ಮಾಂತ್ರಿಕ. ಹರ್ಮಯೊನಿಯ ಅಪ್ಪ ಅಮ್ಮ ಇಬ್ಬರೂ ದಂತವೈದ್ಯರು, ಮಂತ್ರ ಗೊತ್ತಿಲ್ಲದವರು. ಆದರೆ ಇಬ್ಬರಲ್ಲೂ ಒಂದೊಂದು ಜೀನ್ ಅಡಗಿದ್ದರೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಉಂಟು. ರಾನ್‌ನ ಮನೆಯಲ್ಲಿ ಏಳೂ ಮಕ್ಕಳು ಮಾಂತ್ರಿಕರು, ಅದೂ ಸರಿಹೋಗುತ್ತದೆ.

ಮಕ್ಕಳಿಗೆ ಇಷ್ಟು ಹೇಳಿ, ಜೀನ್‌ಗಳು ಹೇಗೆ ಜೋಡಿಯಾಗುತ್ತವೆ ಅಂತ ತೋರಿಸುವ ಚೌಕ ಬರೆಸಿ, ಈಗ ಈ ನಿಯಮವನ್ನು ಮುರಿಯಿರಿ ಅಂದೆ. ಹತ್ತು ನಿಮಿಷ ಬೇಕಾಗಲಿಲ್ಲ. "ಫಿಲ್ಚ್!" ಅಂತ ಹಿಂದಿನಿಂದ ಒಂದು ದನಿ. ಶಾಲೆಯ ಆ ಉಸ್ತುವಾರಿಯವನು ಸ್ಕ್ವಿಬ್. ಮಾಂತ್ರಿಕರ ಮನೆಯಲ್ಲಿ ಹುಟ್ಟಿಯೂ ಮಂತ್ರ ಬಾರದವನು. ಅಪ್ಪ ಅಮ್ಮ ಇಬ್ಬರಲ್ಲೂ ಎರಡೆರಡು ಮಾಂತ್ರಿಕ ಜೀನ್ ಇದ್ದರೆ ಮಗುವಿಗೆ ಬೇರೆ ಬರುವುದು ಎಲ್ಲಿಂದ? ಒಂದೋ ನಿಯಮ ತಪ್ಪು, ಇಲ್ಲವೇ ಜೀನ್ ಬದಲಾಗಿದೆ, ಇಲ್ಲವೇ ಒಂದಕ್ಕಿಂತ ಜಾಸ್ತಿ ಜೀನ್‌ಗಳಿವೆ. 'ನೇಚರ್'ನಲ್ಲೂ ಅದೇ ವರ್ಷ ಬೇರೆ ವಿಜ್ಞಾನಿಗಳು ಆ ಪತ್ರವನ್ನು ಒಪ್ಪದೆ ಮರುಪತ್ರ ಬರೆದಿದ್ದರು. ಆ ವಿಷಯ ಹೇಳಿದಾಗ ಫಿಲ್ಚ್ ಅಂತ ಕೂಗಿದ ಹುಡುಗ ಸುಮ್ಮನೆ ನೆಟ್ಟಗೆ ಕೂತ. ಅವನಿಗೆ ಏನನಿಸಿತು ಅಂತ ಅವನ ಬೆನ್ನು ನೋಡಿದರೆ ತಿಳಿಯುತ್ತಿತ್ತು.

ಇದೇ ಪಾಠ ಒಂದು ದಿನ ಇತಿಹಾಸಕ್ಕೆ ಹೊರಳಿತು. ನಾನು ಹೊರಳಿಸಿದ್ದಲ್ಲ. ರಕ್ತ ಶುದ್ಧ, ರಕ್ತ ಕೆಸರು ಅಂತ ಪುಸ್ತಕದಲ್ಲಿ ಕೆಲವು ಮಾಂತ್ರಿಕರು ಮಾತಾಡ್ತಾರಲ್ಲ ಟೀಚರ್, ನಿಜವಾಗಿ ಯಾರಾದ್ರೂ ಹಾಗೆ ಲೆಕ್ಕ ಹಾಕಿದ್ರಾ ಅಂತ ಒಬ್ಬಳು ಕೇಳಿದಳು. ಹಾಕಿದ್ದರು. 1935ರಲ್ಲಿ ನಾಜಿ ಜರ್ಮನಿಯ ನ್ಯೂರೆಂಬರ್ಗ್ ಕಾನೂನುಗಳು ಬಂದವು. ಒಬ್ಬ ವ್ಯಕ್ತಿಯ ನಾಲ್ವರು ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ಸಾಕು, ಅವರು ತಮ್ಮನ್ನು ಏನೆಂದು ಕರೆದುಕೊಂಡರೂ ಕಾನೂನಿನ ಕಣ್ಣಲ್ಲಿ ಯಹೂದಿ. ಸ್ವಲ್ಪ ಹೊತ್ತಿನ ಹಿಂದೆ ಜೀನ್‌ಗಳಿಗಾಗಿ ಬರೆದಿದ್ದ ಚೌಕಗಳು ಇನ್ನೂ ಹಲಗೆಯ ಮೇಲಿದ್ದವು. ಅದನ್ನು ನೋಡಿ ನನಗೇ ಮೈ ಜುಮ್ಮೆಂದಿತು. ಕೊನೆಯ ಪುಸ್ತಕದಲ್ಲಿ ಮಾಂತ್ರಿಕರ ಸರ್ಕಾರಿ ಇಲಾಖೆಯೇ ಮಂತ್ರ ಬಾರದವರ ಮಕ್ಕಳನ್ನು ಕರೆಸಿ, ನೀನು ಈ ಶಕ್ತಿಯನ್ನು ಯಾರಿಂದ ಕದ್ದೆ ಅಂತ ವಿಚಾರಣೆ ಮಾಡುತ್ತದೆ. ಕಾಗದ, ಮುದ್ರೆ, ಸರತಿ ಸಾಲು, ಎಲ್ಲ ಕ್ರಮಬದ್ಧ. ಕ್ರೂರತನ ಕಡತದ ರೂಪದಲ್ಲೂ ಬರುತ್ತದೆ ಅಂತ ಹನ್ನೆರಡು ವರ್ಷದ ಮಗುವಿಗೆ ತೋರಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಕಥೆ ಓದಿದರೆ ಮನಸ್ಸು ಬದಲಾಗುತ್ತದೆಯೇ? ಇಟಲಿಯ ಸಂಶೋಧಕರು ಇದನ್ನು ನೋಡಿದ್ದಾರೆ. ಅವರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಐದನೇ ತರಗತಿಯ 34 ಮಕ್ಕಳು, ಆರು ವಾರ. ಕೆಲವರು ಈ ಪುಸ್ತಕಗಳಿಂದ ಪೂರ್ವಗ್ರಹದ ಪ್ರಸಂಗಗಳನ್ನು ಓದಿ ಚರ್ಚೆ ಮಾಡಿದರು, ಉಳಿದವರು ಬೇರೆ ಪ್ರಸಂಗಗಳನ್ನು ಓದಿದರು. ಮೊದಲ ಗುಂಪಿನಲ್ಲಿ ಹ್ಯಾರಿಯನ್ನು ತಮ್ಮವನು ಅಂದುಕೊಂಡ ಮಕ್ಕಳಿಗೆ ವಲಸೆ ಬಂದವರ ಬಗ್ಗೆ ಇದ್ದ ಭಾವನೆ ಮೆತ್ತಗಾಗಿತ್ತು. ಸಣ್ಣ ಅಧ್ಯಯನ. ಆದರೆ ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ಆ ಚರ್ಚೆ. ಪುಸ್ತಕವನ್ನು ಕೈಗೆ ಕೊಟ್ಟು ಬಿಟ್ಟಿದ್ದಲ್ಲ, ದೊಡ್ಡವರೊಬ್ಬರು ಜೊತೆಗೆ ಕೂತು ಮಾತಾಡಿದ್ದರು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಒಂದು ವರ್ಷ ಉತ್ಸಾಹದಲ್ಲಿ ತರಗತಿಯನ್ನು ನಾಲ್ಕು ಮನೆಗಳಾಗಿ ಹಂಚಿದೆ. ಟೋಪಿಯಿಂದ ಚೀಟಿ ಎತ್ತುವುದು. ಕಥೆಯ ಕೆಟ್ಟವರು ಹೆಚ್ಚಾಗಿ ಬರುವ ಮನೆ ಸ್ಲಿದರಿನ್. ಅದು ಬಂದ ಒಬ್ಬ ಹುಡುಗ ಏನೂ ಹೇಳಲಿಲ್ಲ, ಆದರೆ ವಾರದ ಹೊತ್ತಿಗೆ ಆಟದಲ್ಲಿ ಅವನನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. "ಅವನು ಸ್ಲಿದರಿನ್ ಅಲ್ವಾ" ಅನ್ನುವುದೇ ಕಾರಣ. ಹಣೆಪಟ್ಟಿ ಹಚ್ಚುವುದು ತಪ್ಪು ಅಂತ ಪಾಠ ಹೇಳುವ ಪುಸ್ತಕವನ್ನು ಹಿಡಿದು ನಾನೇ ಮಕ್ಕಳಿಗೆ ಹಣೆಪಟ್ಟಿ ಹಚ್ಚಿದ್ದೆ. ತರಗತಿಯ ಎದುರೇ ಅವನ ಕ್ಷಮೆ ಕೇಳಿ ಮನೆಗಳನ್ನು ರದ್ದು ಮಾಡಿದೆ. ಹನ್ನೊಂದು ವರ್ಷಕ್ಕೇ ಹೀಗೆ ವಿಂಗಡಿಸುವುದು ಸರಿಯೇ ಅನ್ನುವ ಅನುಮಾನ ಡಂಬಲ್‌ಡೋರ್‌ಗೂ ಇದೆ. ಕೊನೆಯ ಪುಸ್ತಕದಲ್ಲಿ ಅವರು ಅದನ್ನು ಸ್ನೇಪ್ ಹತ್ತಿರ ಹೇಳುತ್ತಾರೆ. ನಾನು ಅದನ್ನು ಓದಿದ್ದೆ, ಆದರೂ ಹೊಳೆದಿರಲಿಲ್ಲ.

ಪುಸ್ತಕ ಓದದ ಮಕ್ಕಳ ಪ್ರಶ್ನೆಯೂ ಇದೆ. ಎಲ್ಲರಿಗೂ ಗೊತ್ತು ಅಂದುಕೊಂಡು ಶುರು ಮಾಡಿದರೆ, ಗೊತ್ತಿಲ್ಲದವರು ಎರಡು ಪಾಠದಲ್ಲಿ ಹಿಂದೆ ಬೀಳುತ್ತಾರೆ, ಕಥೆಯಲ್ಲಿ ಮತ್ತು ವಿಷಯದಲ್ಲಿ. ಅದಕ್ಕೇ ಗಟ್ಟಿಯಾಗಿ ಓದಿ ಹೇಳುವುದನ್ನು ನಾನು ಬಿಡುವುದಿಲ್ಲ. ಎಲ್ಲರೂ ಕೇಳಿಸಿಕೊಂಡ ಭಾಗದಿಂದ ಮಾತ್ರ ಪಾಠ. ಕೆಲವರಿಗೆ ಈ ಕಥೆ ಹಿಡಿಸುವುದೇ ಇಲ್ಲ. ಅದೂ ಸರಿ. ಅವರು ಬೇರೆ ಕಥೆ ತಂದರೆ ಅದರಲ್ಲೇ ಹುಡುಕೋಣ.

ಭಾಷೆಯ ಪಾಠಕ್ಕೆ ಬಂದಾಗ ನನ್ನ ಸಂತೋಷಕ್ಕೆ ಮಿತಿಯಿಲ್ಲ. ಮೊದಲ ಪುಸ್ತಕದಲ್ಲಿ ಒಂದು ಕನ್ನಡಿ ಬರುತ್ತದೆ. ಅದರ ಹೆಸರು 'ಎರಿಸೆಡ್'. ಬಯಕೆ ಅನ್ನುವ ಅರ್ಥದ ಇಂಗ್ಲಿಷ್ ಪದವನ್ನು ಹಿಂದುಮುಂದಾಗಿ ಬರೆದದ್ದು. ಕನ್ನಡದಲ್ಲಿ ಆ ಕನ್ನಡಿಗೆ ಹೆಸರಿಡಿ ಅಂದೆ. ಎಲ್ಲರೂ 'ಬಯಕೆ'ಯನ್ನು ತಿರುಗಿಸಿ 'ಕೆಯಬ' ಅಂದರು. ಒಬ್ಬಳು ಮಾತ್ರ ತಲೆಯಾಡಿಸಿದಳು. "ಇಂಗ್ಲಿಷ್‌ನಲ್ಲಿ ಸ್ವರ, ವ್ಯಂಜನ ಬೇರೆ ಬೇರೆ ಅಕ್ಷರ, ಒಂದೊಂದನ್ನೂ ತಿರುಗಿಸಿದ್ದಾರೆ. ನಾವು ಸ್ವರ ಸೇರಿದ ಇಡೀ ಅಕ್ಷರ ತಿರುಗಿಸ್ತಿದ್ದೀವಿ. ನಮ್ಮ 'ಕೆ'ಯಲ್ಲಿ ಎರಡು ಸದ್ದಿದೆ." ಸದ್ದುಗಳನ್ನೇ ತಿರುಗಿಸಿದರೆ 'ಎಕಯಬ್' ಆಗುತ್ತದೆ! ಆಗ ನಾನು 'ವಿಕಟಕವಿ' ಅಂತ ಹಲಗೆಯ ಮೇಲೆ ಬರೆದೆ. ಹಿಂದಿನಿಂದ ಓದಿದರೂ ಅದೇ ಅಂತ ನಾವು ಚಿಕ್ಕಂದಿನಿಂದ ಹೇಳುವ ಪದ. ಸದ್ದಿನ ಲೆಕ್ಕದಲ್ಲಿ ತಿರುಗಿಸಿದರೆ ಅದು 'ಇವಕಟಕಿವ್'. ವ್ಯಂಜನಕ್ಕೆ ಸ್ವರ ಸೇರಿ ಅಕ್ಷರವಾಗುತ್ತದೆ ಅಂತ ಕಾಗುಣಿತ ಬರೆಸಿ ಬರೆಸಿ ಕಲಿಸಿದ್ದೆ. ಅದು ನಿಜಕ್ಕೂ ಅವರ ಕೈಗೆ ಸಿಕ್ಕಿದ್ದು ಆ ಕನ್ನಡಿಯ ಮುಂದೆ.

ಅನುವಾದಕರ ಪಾಡನ್ನೂ ಹೇಳಿದೆ. ಎರಡನೇ ಪುಸ್ತಕದಲ್ಲಿ ಖಳನಾಯಕನ ಹೆಸರಿನ ಅಕ್ಷರಗಳನ್ನು ಕಲಸಿ ಜೋಡಿಸಿದರೆ "ನಾನು ಲಾರ್ಡ್ ವೋಲ್ಡೆಮಾರ್ಟ್" ಅನ್ನುವ ವಾಕ್ಯ ಬರುತ್ತದೆ. ಬೇರೆ ಭಾಷೆಯಲ್ಲಿ ಇದು ಬರಬೇಕೆಂದರೆ ಹೆಸರನ್ನೇ ಬದಲಿಸಬೇಕು. ಫ್ರೆಂಚರು ಅವನ ನಡುವಿನ ಹೆಸರನ್ನು ಎಲ್ವಿಸ್ ಮಾಡಿದ್ದಾರೆ. ಡೇನಿಶ್‌ನಲ್ಲಿ ಅವನು ರೋಮಿಯೊ! ಮಕ್ಕಳು ಇದನ್ನು ಕೇಳಿ ನಕ್ಕಿದ್ದಷ್ಟು ಯಾವುದಕ್ಕೂ ನಕ್ಕಿರಲಿಲ್ಲ. ಆಕಾಶದ ಹೆಸರುಗಳಲ್ಲೂ ಇಂಥ ಆಟ ಇದೆ. ಕಪ್ಪು ನಾಯಿಯಾಗುವ ಸಿರಿಯಸ್‌ಗೆ ಆ ಹೆಸರು ಬಂದದ್ದು ಇಂಗ್ಲಿಷರು ನಾಯಿ ನಕ್ಷತ್ರ ಅನ್ನುವ ತಾರೆಯಿಂದ. ನಾವು ಅದೇ ತಾರೆಯನ್ನು ಲುಬ್ಧಕ ಅನ್ನುತ್ತೇವೆ, ಅಂದರೆ ಬೇಟೆಗಾರ. ನಮ್ಮಲ್ಲಿ ಬರೆದಿದ್ದರೆ ಆ ಮನುಷ್ಯ ಏನಾಗಿ ಬದಲಾಗುತ್ತಿದ್ದ ಅನ್ನುವುದು ಒಂದು ಸಂಜೆಯ ಪೂರ್ತಿ ಮಾತಾಯಿತು.

ಮಂತ್ರಗಳನ್ನು ಕನ್ನಡಕ್ಕೆ ತರುವ ಪ್ರಯತ್ನದಲ್ಲಿ ನಾನು ಎಂದೂ ಮರೆಯದ ಒಂದು ಗಳಿಗೆ ಇದೆ. 'ಎಕ್ಸ್‌ಪೆಕ್ಟೊ ಪಾಟ್ರೋನಮ್' ಅನ್ನುವುದು ಲ್ಯಾಟಿನ್. ಎಕ್ಸ್‌ಪೆಕ್ಟೊ ಅಂದರೆ ದಾರಿ ನೋಡುತ್ತೇನೆ, ಎದುರು ನೋಡುತ್ತೇನೆ. ಪಾಟ್ರೋನಮ್ ಅಂದರೆ ರಕ್ಷಿಸುವವನನ್ನು. "ರಕ್ಷಕನನ್ನು ನಿರೀಕ್ಷಿಸುತ್ತೇನೆ" ಅಂತ ಮೊದಲು ಬರೆದರು. ಚೆನ್ನಾಗಿಲ್ಲ, ಯಾರೂ ಭಯದಲ್ಲಿ ಹೀಗೆ ಕೂಗಲ್ಲ ಅಂತ ಅವರೇ ಹೊಡೆದುಹಾಕಿದರು. ತುಂಬ ಹೊತ್ತಿನ ಮೇಲೆ ಕಿಟಕಿ ಪಕ್ಕದ ಹುಡುಗ ಮೆಲ್ಲಗೆ ಹೇಳಿದ: "ಕಾಯೋನಿಗೆ ಕಾಯ್ತೀನಿ." ಕಾಯುವುದು ಅಂದರೆ ಕಾಪಾಡುವುದು. ಕಾಯುವುದು ಅಂದರೆ ದಾರಿ ನೋಡುವುದು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು. ಲ್ಯಾಟಿನ್‌ಗೆ ಎರಡು ಮಾತು ಬೇಕಾಯಿತು. ನಾನು ಸೀಮೆಸುಣ್ಣ ಹಿಡಿದು ಹಾಗೇ ನಿಂತುಬಿಟ್ಟೆ. ದಿನಾ ಬಳಸುವ ಪದದೊಳಗೆ ಇದು ಇಷ್ಟು ವರ್ಷ ಇತ್ತು, ನನಗೆ ಕಂಡಿರಲಿಲ್ಲ.

ಸೀಸೆಗಳ ಹುಡುಗಿ ಆ ವರ್ಷದ ಕೊನೆಗೆ ಒಂದು ಚಿತ್ರ ಬರೆದು ತಂದುಕೊಟ್ಟಳು. ಏಳು ಸೀಸೆ, ಈ ಸಲ ಗಾತ್ರಗಳ ಸಮೇತ. ದೊಡ್ಡದು ಆರನೇ ಜಾಗದಲ್ಲಿ, ಚಿಕ್ಕದು ಮೂರನೇ ಜಾಗದಲ್ಲಿ. ಕೆಳಗೆ "ಇನ್ನು ಮುಂದೆ ಓದುವವರಿಗೆ" ಅಂತ ಬರೆದಿದ್ದಳು. ತರಗತಿಯ ಪ್ರತಿಯಲ್ಲಿ ಆ ಪುಟದ ನಡುವೆ ಇಟ್ಟೆವು.

ಮೂರು ವರ್ಷದ ಮೇಲೆ ಬೇರೆ ಮಕ್ಕಳಿಗೆ ಅದೇ ಪುಸ್ತಕ ಓದುತ್ತಿದ್ದೆ. ಪುಟ ತಿರುಗಿಸುವಾಗ ಚಿತ್ರ ಜಾರಿ ನೆಲಕ್ಕೆ ಬಿತ್ತು. ಮುಂದಿನ ಬೆಂಚಿನ ಹುಡುಗ ಎತ್ತಿಕೊಂಡು ನೋಡಿದ. ನಾನು ಪದ್ಯ ಓದಿದೆ, ಸುಳಿವುಗಳನ್ನು ಹಲಗೆಯ ಮೇಲೆ ಬರೆದೆ. ಅವನು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲಿ ಎಣಿಸುತ್ತಲೇ ಇದ್ದ. ಗಂಟೆ ಹೊಡೆದು ಎಲ್ಲರೂ ಚೀಲ ಹೆಗಲಿಗೇರಿಸಿದ ಮೇಲೆ ಮೇಜಿನ ಹತ್ತಿರ ಬಂದ.

"ಟೀಚರ್, ಈ ಚಿಕ್ಕದು ನಾಲ್ಕನೇ ಜಾಗದಲ್ಲಿದ್ರೂ ಆಗುತ್ತಲ್ವಾ?"